ಮೂರನೇ ಗೂಡು, ಎರಡನೇ ಚೀಲ

‘ಇಲ್ಲ’ ಎಂದಿತು ಲ್ಯಾಪ್‌ಟಾಪು, ಹನ್ನೊಂದನೇ ಸಲ.

ಶೋಭಿತಾ ಅದನ್ನು ದುರುಗುಟ್ಟಿ ನೋಡಿದಳು. ಈಗ ತಾನೇ ‘ಶಾಂತಿ’ ಎಂಬ ಹೆಸರನ್ನು ಅದರೊಳಗೆ ಹಾಕಿದ್ದಳು. ಮತ್ತೆ ಅದೇ ಹೆಸರು ಟೈಪ್ ಮಾಡಿ ಕೇಳಿದರೆ, ಇಲ್ಲವಂತೆ! ನಾಳೆ ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಸಿ ಲ್ಯಾಬಿನ ಪರೀಕ್ಷೆ. ಹ್ಯಾಶ್ ಟೇಬಲ್ ಎಂಬ ಪ್ರೋಗ್ರಾಮು ಬರೆದು ತೋರಿಸಬೇಕು. ಹೆಸರು ಕೊಡಲಿ, ನಂಬರು ಕೊಡಲಿ, ಅದು ಯಾವ ಗೂಡಿಗೆ ಹೋಗಬೇಕೆಂದು ಲೆಕ್ಕ ಹಾಕಿ ಅಲ್ಲಿಡಬೇಕು. ಕೇಳಿದಾಗ ಆ ಗೂಡಿನಿಂದಲೇ ತೆಗೆದುಕೊಡಬೇಕು. ಕ್ಲಾಸಿನ ಅರ್ಧ ಜನ ನಕಲು ಹೊಡೆದು ನೆಮ್ಮದಿಯಾಗಿದ್ದರು. “ನಂದು ನಾನೇ ಬರೀತೀನಿ” ಎಂದು ಎಲ್ಲರೆದುರು ಜಂಬ ಕೊಚ್ಚಿದವಳು ಇವಳೊಬ್ಬಳೇ. ಹೋದ ವರ್ಷ ಇದೇ ಲ್ಯಾಬಿನಲ್ಲಿ ಫೇಲಾದವಳೂ ಇವಳೊಬ್ಬಳೇ. ಈ ಸಲವೂ ಹೋದರೆ ಇನ್ನೊಂದು ವರ್ಷ ದಂಡ.

ಅವಳು ಕೂತಿದ್ದುದು ಮೊಸಳೆ ಎಂಬ ತನ್ನೂರಿನಲ್ಲಿ, ಅಪ್ಪ ಸಣ್ಣಯ್ಯನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ. ಭಾನುವಾರ ಗಿರಣಿಗೆ ಊರೇ ಬರುತ್ತದೆ. ಬೀಸಿದ ಚೀಲಗಳನ್ನು ಗೋಡೆಯ ಎಂಟು ಗೂಡುಗಳಲ್ಲಿ ಇಟ್ಟು, ಬಂದವರಿಗೆ ಎತ್ತಿಕೊಡುವುದು ಅವಳ ಕೆಲಸ. ಎಲ್ಲವೂ ತೊಳೆದಿಟ್ಟ, ಒಂದೇ ಥರದ ಬಿಳಿ ಗೊಬ್ಬರದ ಚೀಲಗಳು. ಅಪ್ಪ ಯಾವುದನ್ನೂ ಬರೆದಿಡುವವನಲ್ಲ. ಶೋಭಿತಾ ಓದಿದವಳಲ್ಲವೇ, ಯಾರ ಚೀಲ ಎಷ್ಟನೇ ಗೂಡಿನಲ್ಲಿ ಎಷ್ಟನೆಯದು ಎಂದು ನೀಟಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

“ಶೋಭೀ, ನನ್ ರಾಗಿಹಿಟ್ಟು ಕೊಡವ್ವಾ” ಎನ್ನುತ್ತಾ ಮೇಲಿನ ಬೀದಿಯ ಚಿಕ್ಕಲಕ್ಷ್ಮಮ್ಮ ಬಂದರು.

ಶೋಭಿತಾ ನೋಟ್‌ಬುಕ್ಕು ನೋಡಿದಳು. ಮೂರನೇ ಗೂಡು, ಎರಡನೇ ಚೀಲ. ಎಳೆದು ಕೊಟ್ಟಳು. ಚಿಕ್ಕಲಕ್ಷ್ಮಮ್ಮ ಚೀಲದ ಬಾಯಿ ಬಿಚ್ಚಿ ಮೂಗು ತೂರಿಸಿದ್ದೇ ತಡ, ಒಂದರ ಹಿಂದೊಂದು ನಾಲ್ಕು ಸೀನು ಸೀನಿದರು.

“ಅಯ್ಯಯ್ಯೋ! ಇದ್ರಲ್ಲಿ ಮುದ್ದೆ ಕಟ್ಟಿ ಉಣ್ಣಕ್ಕಾಯ್ತದಾ? ಇದು ಆ ಪರಮೇಶಂದು ಖಾರದಪುಡಿ ಕಣವ್ವಾ!”

“ಬರ್ಕೊಂಡಿದೀನಲ್ಲ ಅಜ್ಜೀ, ಇದೇ ಜಾಗ. ಇಲ್ಲಿಲ್ಲ ಅಂದ್ಮೇಲೆ ನಿಮ್ದು ಇಲ್ಲ.”

“ಇಲ್ವಾ? ನಾನೇ ಒತ್ಕಂಬಂದು ಕೊಟ್ಟಿವ್ನಿ, ಇಲ್ಲ ಅಂತೀಯಾ? ಜಾಗ ಯಾಕೆ ನೋಡ್ತೀಯೆ, ಚೀಲ ನೋಡು!” ಚಿಕ್ಕಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಅದೇ ಗೂಡಿಗೆ ಕೈ ಹಾಕಿ ಹಿಂದಿನ ಚೀಲ ಎಳೆದರು. ಅದರ ಬಾಯಿಗೆ ಹಳೇ ಸೀರೆಯ ಹಳದಿ ಅಂಚು ಕಟ್ಟಿತ್ತು. “ಇದ್ಯಾರ್ದು ಮತ್ತೆ, ನಿಮ್ಮ್ ಕಾಲೇಜ್ ಮೇಡಮ್ಮಂದಾ?”

“ಪರಮೇಶಂಗೆ ಅರ್ಜೆಂಟು ಅಂತ ಅವನ್ದ ಮುಂದಕ್ಕೆ ಸರಿಸ್ದೆ ಕಣ್ ಮಗಾ” ಎಂದು ಸಣ್ಣಯ್ಯ ಮಿಷನ್ನಿನ ಸದ್ದಿನ ನಡುವೆ ಕೂಗಿದ.

ಶೋಭಿತಾ ನೋಟ್‌ಬುಕ್ಕು ಮುಚ್ಚಿದಳು. ಆಮೇಲೆ ಜೋರಾಗಿ ನಕ್ಕಳು. ಅವಳ ಪ್ರೋಗ್ರಾಮೂ ಇದೇ ಪೆದ್ದುತನ ಮಾಡುತ್ತಿತ್ತು! ಹೆಸರು ಏನೆಂದು ನೋಡದೆ, ಅದು ಮೆಮೊರಿಯಲ್ಲಿ ಯಾವ ಜಾಗದಲ್ಲಿ ಕೂತಿದೆ ಎಂದು ಹೋಲಿಸುತ್ತಿತ್ತು. ಹೊಸದಾಗಿ ಟೈಪ್ ಮಾಡಿದ ‘ಶಾಂತಿ’ ಬೇರೆ ಜಾಗದಲ್ಲಿರುತ್ತಾಳೆ, ಹಳೆಯ ‘ಶಾಂತಿ’ ಸಿಗುವುದು ಹೇಗೆ? ಅಕ್ಷರ ಅಕ್ಷರ ಹೋಲಿಸುವಂತೆ ತಿದ್ದಿದಳು. ‘ಸಿಕ್ತು.’ ಖುಷಿಯಲ್ಲಿ ರೋಲ್ ನಂಬರುಗಳನ್ನು ಹಾಕಿದಳು. ಪ್ರೋಗ್ರಾಮು ಕಕ್ಕಾಬಿಕ್ಕಿಯಾಗಿ ನಿಂತೇಹೋಯಿತು. ನಂಬರಿನಲ್ಲಿ ಅದಕ್ಕೆ ಅಕ್ಷರ ಎಲ್ಲಿ ಸಿಗಬೇಕು?

ಕರೆಂಟು ಹೋಗಿ ಮಿಷನ್ನು ನಿಂತಿತು. “ಅಪ್ಪಾ, ಇಷ್ಟೊಂದು ಚೀಲದ ಗುರುತು ಅದೆಂಗೆ ನೆನಪಿಟ್ಕೊಂತೀಯ?”

“ಗುರುತು ನಂದಲ್ಲ ಮಗಾ, ಇಟ್ಟೋರ್ದು. ಚಿಕ್ಕಲಕ್ಷ್ಮಮ್ಮ ಅಂಚು ಕಟ್ತದೆ, ತಮ್ಮಯ್ಯ ಎಲ್ಡು ಗಂಟು ಆಕ್ತಾನೆ, ಪರಮೇಶ ಫೋನ್ ನಂಬರ್ ಗೀಚ್ತಾನೆ. ಇಸ್ಕಳಾವಾಗ್ಲೇ ಅವ್ರನ್ನೇ ಕೇಳ್ಬುಟ್ರೆ ಆಯ್ತು.”

ಶೋಭಿತಾ ಮತ್ತೆ ಕೂತಳು. ಸಂಜೆಯ ಹೊತ್ತಿಗೆ ಅವಳ ಹ್ಯಾಶ್ ಟೇಬಲ್ಲಿಗೆ ಒಳಗಿರುವುದು ಹೆಸರೋ ನಂಬರೋ, ರಾಗಿಯೋ ಖಾರವೋ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಗೂಡಿನ ಲೆಕ್ಕ ಹಾಕುವ ಫಂಕ್ಷನ್ನು, ಹೋಲಿಸುವ ಫಂಕ್ಷನ್ನು, ಎರಡನ್ನೂ ಬಳಸುವವರೇ ಕೊಡಬೇಕು. ಆ ಜೋಡಿಗೆ ‘ಗುರುತು’ ಎಂದೇ ಹೆಸರಿಟ್ಟಳು.

ಮರುದಿನ ಬಸ್‌ಸ್ಟಾಪಿನಲ್ಲಿ ಚಿಕ್ಕಲಕ್ಷ್ಮಮ್ಮ ಸಿಕ್ಕರು. ಅವಳ ಬ್ಯಾಗು ಎಳೆದುಕೊಂಡು, ಅದರ ಹಿಡಿಗೆ ಹಳದಿ ಅಂಚಿನ ಚೂರೊಂದನ್ನು ಬಿಗಿದರು.

“ಥೂ, ಬಿಡಿ ಅಜ್ಜೀ, ಎಲ್ರೂ ನಗ್ತಾರೆ!”

“ನಗ್ಲಿ ಬಿಡು. ಸೀನೋದ್ಕಿಂತ ವಾಸಿ.”

ಲ್ಯಾಬಿನಲ್ಲಿ ಪ್ರತಿಭಾ ಮೇಡಂ ಹನ್ನೆರಡು ಹೆಸರು ಹಾಕಿ ಕೇಳಿದರು. ಹನ್ನೆರಡೂ ಸಿಕ್ಕವು. ನಂಬರು ಹಾಕಿದರು, ಸಿಕ್ಕವು. ಮೇಡಂ ಕನ್ನಡಕ ಮೇಲೇರಿಸಿ, “ನಾನು ತಾರೀಖು ಹಾಕಿದ್ರೆ?” ಎಂದರು.

“ಹಾಕಿ ಮೇಡಂ. ಗುರುತು ಮಾತ್ರ ನೀವೇ ಹೇಳ್ಬೇಕು.”

ಮೇಡಂ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡರು. ಎರಡೂ ಫಂಕ್ಷನ್ನುಗಳನ್ನು ತಾವೇ ಬರೆದು ಕೊಟ್ಟು, ತಾರೀಖು ಹಾಕಿ, ಮತ್ತೆ ಅದನ್ನೇ ಕೇಳಿದರು. ‘ಸಿಕ್ತು.’ ಅವರ ಕೆಂಪು ಪೆನ್ನು ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬರೆಯಿತು.

ಹೊರಗೆ ಲ್ಯಾಬಿನ ಬಾಗಿಲಲ್ಲಿ ಮೂವತ್ತು ಬ್ಯಾಗುಗಳು ರಾಶಿ ಬಿದ್ದಿದ್ದವು, ಎಲ್ಲವೂ ಕಪ್ಪು. ಬೆಳಿಗ್ಗೆ ಸಾಲಾಗಿ ಜೋಡಿಸಿಟ್ಟಿದ್ದನ್ನು ಯಾರೋ ಗುಡಿಸುವಾಗ ಒಂದೆಡೆ ತಳ್ಳಿದ್ದರು. ಗೆಳತಿಯರು ಜಿಪ್ಪು ತೆಗೆದು ಇಣುಕಿ ತಡಕಾಡುತ್ತಿದ್ದರು. ಶೋಭಿತಾ ಬಗ್ಗಿ ಹಳದಿ ಅಂಚನ್ನು ಹಿಡಿದು ಎಳೆದಳು.