ಹಗ್ಗ ಮುಟ್ಟಿದವರ ಪಾಲು

"ಕಿತ್ಕಳೇ! ಏನು ನೋಡ್ತಾ ನಿಂತಿದೀಯ? ಹಗ್ಗ ಮುಟ್ಟಿದ್ರೆ ಪಾಲಂತೆ! ಆ ಮುದಿಮುಂಡೆ ಕೈಲಿರೋ ಮೀನು ಅವಳಪ್ಪಂದಾ?"

ಸಾಹುಕಾರ ಕಡಲ ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಗಿಡ್ಡಿಯ ಮೇಲೆ ಕೂಗಾಡುತ್ತಿದ್ದ. ಕೇರಿಯವರ ಬಲೆ ಹರಿದು ಚಿಂದಿಯಾದ ಮೇಲೆ ಈಗಿನ ಬಲೆ ಅವನದು. ಪಾಲು ಹಂಚುವ ಕೆಲಸವನ್ನು ಕೇರಿಯವಳೇ ಆದ ಗಿಡ್ಡಿಗೆ ಕೊಟ್ಟಿದ್ದ. ಅವಳೂ ದೊಡ್ಡ ಪದವಿ ಸಿಕ್ಕಿತೆಂದು ಬೀಗಿದ್ದಳು.

ಬಲೆ ಎಳೆಯುವ ಹಗ್ಗಕ್ಕೆ ಕೈ ಮುಟ್ಟಿಸಿದವರಿಗೆಲ್ಲ ಮೀನಿನಲ್ಲಿ ಪಾಲು ಎಂಬುದು ಕೇರಿಯ ಹಳೇ ರೂಢಿ. ಎಳೆಯಲು ಬಲವಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಕುರುಡರು, ಬಸುರಿಯರು, ಮೈಗಳ್ಳರು ಕೂಡ ಹಾಗೇ ಹೊಟ್ಟೆ ಹೊರೆದವರು. ಗಿಡ್ಡಿಯ ಗಂಡ ಕಾಲು ಮುರಿದುಕೊಂಡು ಮಲಗಿದಾಗ, ಈಗ ಮೀನು ಹಿಡಿದು ಕೂತಿದ್ದ, ಒಂಟಿ ಬಾಳಿನ ಇದೇ ಅಜ್ಜಿ ಅವಳ ಹಸುಗೂಸನ್ನು ಎತ್ತಿ ತಂದು, ಅದರ ಅಂಗೈಯನ್ನು ಹಗ್ಗಕ್ಕೆ ಒತ್ತಿ, "ಮುಟ್ಟಿದಾನಪ್ಪಾ ಗಂಡಸು! ಹಾಕ್ರೋ ಪಾಲು!" ಎಂದು ದಂಡೆಯನ್ನೆಲ್ಲ ನಗಿಸಿದ್ದಳು. ಆ ಮೀನಿನಲ್ಲೇ ಗಿಡ್ಡಿಯ ಮನೆಯ ಒಲೆ ಉರಿದಿತ್ತು.

ಈಗ ಗಿಡ್ಡಿ ಅಜ್ಜಿಯ ಮುಂದೆ ಬಗ್ಗಿದಳು. ಬಿಗಿಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೀನು ಕಿತ್ತುಕೊಂಡಳು.

"ನಿನ್ನ ಕೂಸು ಉಂಡಿತೇನೇ?" ಎಂದಷ್ಟೇ ಕೇಳಿದಳು ಅಜ್ಜಿ.

ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಗಿಡ್ಡಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕೈಗಳನ್ನು ಮರಳಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಅಜ್ಜಿಯ ಬೆರಳು ಅಲ್ಲೇ ಅಂಟಿಕೊಂಡಂತಿತ್ತು.

ಸಂಜೆ ಮತ್ತೆ ಬಲೆ ಬಿತ್ತು. ಗಿಡ್ಡಿಯೂ ಎಳೆಯುತ್ತಿದ್ದಳು. ಮೀನು ತುಂಬಿದೆಯೆಂದು ಎಲ್ಲರ ಅಂಗೈಗೂ ಗೊತ್ತಾಗಿತ್ತು. ದೂರದಲ್ಲಿ ಕೂತಿದ್ದ ಅಜ್ಜಿಯನ್ನು ಅವಳು ಕೂಗಿ ಕರೆದು ತನ್ನ ಮುಂದೆ ನಿಲ್ಲಿಸಿಕೊಂಡಳು.

"ಮುಟ್ಟಜ್ಜಿ." ಅಜ್ಜಿ ಎರಡೂ ಕೈಯಲ್ಲಿ ಹಗ್ಗ ಹಿಡಿದಳು.

"ಅವಳು ಮುಟ್ಟಿದ್ರೆ ನಿಂಗೂ ಇಲ್ಲ ಕಣೇ ಪಾಲು, ಲೌಡಿ!" ಸಾಹುಕಾರ ಕುರ್ಚಿ ಬಿಟ್ಟೆದ್ದ.

"ನಿನ್ನ ಪಾಲಿಗಿಷ್ಟು ಬೆಂಕಿ ಹಾಕ! ನಿನ್ನ ಬಲೆ ನೀನೇ ಎಳ್ಕೊ!"

ಗಿಡ್ಡಿ ಕೈಬಿಟ್ಟಳು. ತುಂಬಿದ ಬಲೆಯ ಹಗ್ಗ ಬಿಡುವುದೆಂದರೆ ಅನ್ನದ ತಟ್ಟೆ ಒದ್ದ ಹಾಗೆ. ಕೇರಿಯಲ್ಲಿ ಯಾರೂ ಮಾಡಿರಲಿಲ್ಲ. ಹಿಂದಿದ್ದವನು ಅವಳ ಮುಖ ನೋಡಿದ. ಅವನೂ ಬಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಹಗ್ಗ ಮರಳು ಸೀಳಿಕೊಂಡು ಸಮುದ್ರದ ಕಡೆ ಓಡಿತು.

ಬಿಡದವಳು ಅಜ್ಜಿಯೊಬ್ಬಳೇ. ಹಗ್ಗ ಅವಳನ್ನು ಮೊಣಕಾಲುದ್ದ ನೀರಿಗೆ ಎಳೆದೊಯ್ದಿತ್ತು. ಗಿಡ್ಡಿ ಓಡಿಹೋಗಿ ತಬ್ಬಿ ಹಿಡಿದು, ಬೆಳಿಗ್ಗೆ ಬಿಡಿಸಿದ ಅದೇ ಬೆರಳುಗಳನ್ನು ಮತ್ತೆ ಬಿಡಿಸತೊಡಗಿದಳು.

"ಬಿಡಜ್ಜಿ, ದಮ್ಮಯ್ಯ, ಬಿಡು."

"ಮುಟ್ಟಿದೀನಿ ಕಣೇ," ಎಂದಳು ಅಜ್ಜಿ. "ನನ್ನ ಪಾಲು ಹಾಕೇ."