ಡಾರ್ಕ್‌ರೂಮಿನ ಕೆಂಪು ದೀಪ

ನಲವತ್ತು ದಾಟಿದರೂ ಮನೆಯಲ್ಲಿ ಅವಳು ಇನ್ನೂ ಪುಟ್ಟಿಯೇ. ಅಪ್ಪನ ಫೋಟೋ ಸ್ಟುಡಿಯೋವನ್ನು ಅವನ ನಂತರ ಅವಳೇ ನಡೆಸಿದ್ದಳು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದು ಕೂತ ಮೇಲೆ ಅದಕ್ಕೆ ಬೀಗ ಬಿತ್ತು. ಮುಂದಿನ ಭಾಗದಲ್ಲಿ ಅಣ್ಣ ಹೆಲ್ಮೆಟ್ ವ್ಯಾಪಾರ ಶುರುಮಾಡಿದ. ಹಿಂದಿನ ಡಾರ್ಕ್‌ರೂಮ್ ಮಾತ್ರ ಅವಳಿಗೆ ಉಳಿಯಿತು. ಅದು ಅಪ್ಪನ ಪಕ್ಕದಲ್ಲಿ ನಿಂತು ಅವಳು ಫಿಲ್ಮ್ ತೊಳೆಯಲು ಕಲಿತ ಕೋಣೆ. ಆದರೆ ಹೆಲ್ಮೆಟ್ ಪೆಟ್ಟಿಗೆಗಳನ್ನು ಪೇರಿಸಲು ಜಾಗವಿಲ್ಲದ ಅಣ್ಣನ ಕಣ್ಣು ಅದರ ಮೇಲೆ ಬಿದ್ದು ಬಹಳ ದಿನವಾಗಿತ್ತು.

ಕೋಣೆಯೊಳಗೆ ಸಾಲಾಗಿ ಹಳೆಯ ಹಾರ್ಡ್ ಡಿಸ್ಕುಗಳಿದ್ದವು. ಒಂದು ಕಾಲದಲ್ಲಿ ಊರವರ ಮದುವೆಗಳೆಲ್ಲ ಅವುಗಳೊಳಗಿದ್ದವು. ಅವರವರ ಫೋಟೋಗಳನ್ನು ಅವರವರಿಗೆ ಒಪ್ಪಿಸಿ, ಡಿಸ್ಕುಗಳನ್ನು ಖಾಲಿ ಮಾಡಿ, ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರಿಗೆ ಪುಟ್ಟಿ ಅವನ್ನು ಸಿಕ್ಕಿಸಿದ್ದಳು. ಅವಳು ಬೆನ್ನು ಹತ್ತಿದ್ದ ಕ್ರಿಪ್ಟೋ ನಾಣ್ಯಕ್ಕೆ ದೊಡ್ಡ ಯಂತ್ರ ಬೇಡ, ಡಿಸ್ಕಿನಲ್ಲಿ ಜಾಗವಿದ್ದರೆ ಸಾಕು. ಆ ಜಾಗದ ತುಂಬ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಂಡು ಕಾಯಬೇಕು. ನೆಟ್‌ವರ್ಕು ಕ್ಷಣಕ್ಕೊಂದು ಪ್ರಶ್ನೆಯನ್ನು ಲೋಕದವರಿಗೆಲ್ಲ ಎಸೆಯುತ್ತಲೇ ಇರುತ್ತದೆ. ಅವುಗಳಲ್ಲಿ ಆಗೊಂದು ಈಗೊಂದಕ್ಕೆ ಮಾತ್ರ ನಮ್ಮ ಡಿಸ್ಕು ತೆರೆದು ಹುಡುಕಬೇಕು. ಎಲ್ಲರಿಗಿಂತ ಒಳ್ಳೆಯ ಉತ್ತರ ಯಾರ ಡಿಸ್ಕಿನಲ್ಲಿದೆಯೋ ಅವರು ಅರ್ಧ ನಿಮಿಷದೊಳಗೆ ಕೊಟ್ಟರೆ ನಾಣ್ಯ ಅವರದು. ಇಷ್ಟಕ್ಕೂ ತಗಲುವ ಕರೆಂಟು ಒಂದು ಹಳೇ ಬಲ್ಬಿನಷ್ಟೇ.

ಡಾರ್ಕ್‌ರೂಮಿನ ಬಾಗಿಲ ಮೇಲೆ, ಹೊರಗಡೆ, ಅಪ್ಪನ ಕಾಲದ ಕೆಂಪು ದೀಪವಿತ್ತು. ಅದು ಹತ್ತಿದೆಯೆಂದರೆ ಒಳಗೆ ಫಿಲ್ಮ್ ಸುರುಳಿ ಬಿಚ್ಚಿದೆ, ಬೆಳಕು ತಗುಲಿದರೆ ಹಾಳು, ಬಾಗಿಲು ಮುಟ್ಟಬಾರದು ಎಂದರ್ಥ. ಯಾರಾದರೂ ಚಿಲಕ ಅಲ್ಲಾಡಿಸಿದರೆ ಅಪ್ಪ ಒಳಗಿನಿಂದಲೇ "ಒಳಗೆ ಕೆಲಸ ನಡೀತಿದೆ!" ಎಂದು ಗುಡುಗುತ್ತಿದ್ದ. ಅಣ್ಣ ಚಿಕ್ಕವನಿದ್ದಾಗ ಒಮ್ಮೆ ಬಾಗಿಲು ತೆರೆದು, ಯಾರದೋ ಮದುವೆಯ ಫಿಲ್ಮನ್ನೆಲ್ಲ ಹಾಳುಮಾಡಿ, ಚೆನ್ನಾಗಿ ಕಿವಿ ಹಿಂಡಿಸಿಕೊಂಡಿದ್ದ. ಆ ದೀಪಕ್ಕೆ ಪುಟ್ಟಿ ಹೊಸ ಕೆಲಸ ಕೊಟ್ಟಿದ್ದಳು. ನಾಣ್ಯ ಗೆದ್ದ ಕೂಡಲೇ ಅದು ತಾನಾಗಿ ಹತ್ತುವಂತೆ ಕಂಪ್ಯೂಟರಿನಿಂದ ತಂತಿ ಎಳೆದಿದ್ದಳು.

ವರ್ಷ ಕಳೆದರೂ ಅದು ಹತ್ತಲಿಲ್ಲ.

"ಏನಮ್ಮಾ, ಡಬ್ಬಿಗಳು ಮೊಟ್ಟೆ ಇಟ್ವಾ?" ಎಂದು ಅಣ್ಣ ದಿನಾ ಕೇಳುವನು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. ಕೊನೆಗೊಂದು ದಿನ ಅವನು, ಅಂಗಡಿಯ ಹಿಂದಿನ ಮನೆಯಲ್ಲಿ ಅವರ ಜೊತೆಗೇ ಇದ್ದ ದೊಡ್ಡಮ್ಮನ ಎದುರಿಗೇ ಪಂಥ ಕಟ್ಟಿದ: "ಈ ತಿಂಗಳು ಮುಗಿಯೋದ್ರೊಳಗೆ ಆ ದೀಪ ಒಂದೇ ಒಂದ್ಸಲ ಹತ್ತಲಿ, ಆ ರೂಮಿನ ಸುದ್ದಿಗೆ ನಾನು ಬರಲ್ಲ. ಹತ್ತಲಿಲ್ವೋ, ಗುಜರಿಯವನನ್ನ ಕರೀತೀನಿ, ರೂಮು ನಂದು."

"ಕರಿ, ಯಾರು ಬೇಡ ಅಂದ್ರು?" ಅಂದುಬಿಟ್ಟಳು ಪುಟ್ಟಿ. ಬಾಯಿ ಮುಂದೆ ಓಡಿತ್ತು, ಧೈರ್ಯ ಇನ್ನೂ ಹಿಂದೆಯೇ ಇತ್ತು.

ತಿಂಗಳು ಕರಗುತ್ತಾ ಬಂತು. ಪುಟ್ಟಿಗೆ ಊಟ ರುಚಿಸದಾಯಿತು. ದಿನಾ ಬೆಳಿಗ್ಗೆ ಎದ್ದವಳೇ ಕಂಪ್ಯೂಟರಿನ ಪರದೆ ನೋಡುವಳು. ಡಿಸ್ಕುಗಳೆಲ್ಲ ಇವೆ, ಎಲ್ಲ ಹಸಿರು, ಎಲ್ಲ ಸರಿ. ಎಲ್ಲ ಸರಿಯಿದ್ದೂ ಏನೂ ಬಾರದಿದ್ದರೆ ಯಾರನ್ನು ಬೈಯುವುದು?

ಒಂದು ಮಧ್ಯಾಹ್ನ ದೊಡ್ಡಮ್ಮ ಹಾಸಿಗೆಯಿಂದಲೇ ಕೂಗಿದರು. ಅವರ ಮಂಚ ಡಾರ್ಕ್‌ರೂಮಿನ ಗೋಡೆಗೇ ಅಂಟಿಕೊಂಡಿತ್ತು.

"ಪುಟ್ಟೀ, ನಿನ್ನ ಡಬ್ಬಿಗಳಿಗೆ ನೆಗಡಿನಾ?"

"ಯಾಕೆ ದೊಡ್ಡಮ್ಮಾ?"

"ಆಗಾಗ ಕೆಮ್ತವಲ್ಲೇ! ಒಂದು ಕೆಮ್ಮಿದ ಮೇಲೆ ಇನ್ನೊಂದು. ಎಲ್ಲಾ ಕೆಮ್ಮಿ ಮುಗಿಸೋ ಹೊತ್ತಿಗೆ ನನ್ನ ನಿದ್ದೆ ಹಾರಿಹೋಗಿರುತ್ತೆ."

ಪುಟ್ಟಿ ನಗುತ್ತಲೇ ಗೋಡೆಗೆ ಕಿವಿಯಿಟ್ಟಳು. ಖಟ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಖಟ್. ಮತ್ತೆ ಸ್ವಲ್ಪ ಹೊತ್ತು. ಅವಳ ನಗು ಅಲ್ಲೇ ನಿಂತಿತು.

ಗುಂಯ್‌ಗುಡುವ ಸದ್ದಿಗೆ ದೊಡ್ಡಮ್ಮನ ನಿದ್ದೆ ಕೆಡಬಾರದೆಂದು, ಕೆಲಸವಿಲ್ಲದಾಗ ಡಿಸ್ಕುಗಳೆಲ್ಲ ನಿದ್ದೆ ಹೋಗುವಂತೆ ಮೊದಲ ವಾರದಲ್ಲೇ ಅವಳು ಏರ್ಪಾಡು ಮಾಡಿದ್ದಳು. ಏಳುವ ಗಳಿಗೆಯಲ್ಲಿ ಪ್ರತಿಯೊಂದೂ ಹೆಚ್ಚು ಕರೆಂಟು ಎಳೆಯುವುದರಿಂದ, ಎಲ್ಲವೂ ಒಟ್ಟಿಗೆ ಎದ್ದರೆ ಇದ್ದ ಒಂದೇ ಚಿಕ್ಕ ಅಡಾಪ್ಟರು ತಡೆಯದೆಂದು, ಒಂದಾದ ಮೇಲೊಂದು ಏಳಬೇಕೆಂಬ ಕಟ್ಟಳೆ ಬೇರೆ. ಆಮೇಲೆ ಅದನ್ನು ಮರೆತೇಬಿಟ್ಟಿದ್ದಳು. ಹುಡುಕಬೇಕಾದ ಪ್ರಶ್ನೆ ಬಂದಾಗಲೆಲ್ಲ ಇವು ಮೈಮುರಿದು, ಆಕಳಿಸಿ, ಸರದಿಯಲ್ಲಿ ಏಳುವಷ್ಟರಲ್ಲಿ ಅರ್ಧ ನಿಮಿಷ ಎಲ್ಲಿ ಉಳಿಯಬೇಕು!

ಓಡಿಹೋಗಿ ಪರದೆಯ ಹಳೆಯ ಸಾಲುಗಳನ್ನು ಹಿಂದಕ್ಕೆ ಸರಿಸಿದಳು. "ಉತ್ತರ ಸಿಕ್ಕಿತು, ತಡವಾಯಿತು." ಅದರ ಹಿಂದೆ ಅದೇ, ಅದರ ಹಿಂದೆಯೂ ಅದೇ. ಅವುಗಳ ನಡುವೆ ಒಂದು, ಕಳೆದ ಚಳಿಗಾಲದ್ದು, ಗೆಲ್ಲುವ ಉತ್ತರವೇ ಆಗಿತ್ತು. ನಾಣ್ಯ ಬಾಗಿಲಿಗೆ ಬಂದು, ಮನೆಯವರು ಮಲಗಿದ್ದಾರೆಂದು ವಾಪಸ್ಸು ಹೋಗಿತ್ತು. ಪುಟ್ಟಿ ಹಣೆ ಚಚ್ಚಿಕೊಂಡಳು. ಅಳು ಬಂತು, ಅಳುವಿನ ನಡುವೆಯೇ ನಗುವೂ ಬಂತು.

ವಿಷಯ ಕೇಳಿದ ದೊಡ್ಡಮ್ಮ ದಿಂಬಿಗೊರಗಿ ಕೂತರು.

"ಇದಕ್ಕೆ ಯಾಕೆ ಅಳ್ತೀಯೇ? ಎಬ್ಬಿಸೇ ಇಡು ಅವನ್ನ."

"ನಿಮ್ಮ ನಿದ್ದೆ?"

"ನಿಮ್ಮ ದೊಡ್ಡಪ್ಪನ ಗೊರಕೆ ಪಕ್ಕದಲ್ಲಿ ಜನ್ಮವಿಡೀ ಮಲಗಿದ್ದೀನಿ. ನಿನ್ನ ಡಬ್ಬಿ ಯಾವ ಲೆಕ್ಕ? ಸದ್ದೇ ಇಲ್ದೆ ಈಗ ಮಲಗೋಕೆ ಆಗ್ತಿಲ್ಲ ನಂಗೆ. ಹೋಗು, ಎಬ್ಬಿಸು."

ಅಂದಿನಿಂದ ಡಿಸ್ಕುಗಳು ಕಣ್ಣು ಮುಚ್ಚಲಿಲ್ಲ. ಗೋಡೆಯಾಚೆ ದೊಡ್ಡಮ್ಮ ಮಾತ್ರ ಮಗುವಿನಂತೆ ನಿದ್ದೆ ಹೊಡೆದರು. ಪರದೆಯ ಮೇಲೆ ಉತ್ತರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಡುತ್ತಿದ್ದವು. ಆದರೂ ದೀಪ ಹತ್ತಲಿಲ್ಲ, ದಿನಗಳು ನಿಲ್ಲಲಿಲ್ಲ.

ತಿಂಗಳ ಕೊನೆಯ ದಿನ ಅಂಗಡಿ ತೆರೆಯುವ ಹೊತ್ತಿಗೇ ಅಣ್ಣ ಗುಜರಿಯವನನ್ನು ಕರೆತಂದ. ಅವನ ಹೆಗಲ ಮೇಲೆ ಗೋಣಿಚೀಲವಿತ್ತು.

"ಇವತ್ತು ಇನ್ನೂ ಮುಗಿದಿಲ್ಲ" ಎಂದು ಪುಟ್ಟಿ ಬಾಗಿಲಿಗೆ ಅಡ್ಡ ನಿಂತಳು.

"ವರ್ಷದಲ್ಲಿ ಆಗದ್ದು ಸಾಯಂಕಾಲದೊಳಗೆ ಆಗುತ್ತಾ? ಹಟ ಸಾಕು, ಪುಟ್ಟಿ." ಅಣ್ಣನ ದನಿಯಲ್ಲಿ ಗೇಲಿ ಇರಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಅವಳು ಪಕ್ಕಕ್ಕೆ ಸರಿದಳು. ಅಣ್ಣ ಚಿಲಕಕ್ಕೆ ಕೈ ಹಾಕಿದ.

ನೆತ್ತಿಯ ಮೇಲೆ ಕೆಂಪು ದೀಪ ಹತ್ತಿತು.

ಬಿಸಿ ಬಾಣಲೆ ಮುಟ್ಟಿದವನಂತೆ ಅಣ್ಣ ಕೈ ಹಿಂದಕ್ಕೆ ಎಳೆದುಕೊಂಡ. ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತ. ಹೆಲ್ಮೆಟ್ ಅಂಗಡಿಯ ಯಜಮಾನ ಅಲ್ಲಿರಲಿಲ್ಲ, ಕಿವಿ ಹಿಂಡಿಸಿಕೊಂಡ ಹುಡುಗ ನಿಂತಿದ್ದ. ಪುಟ್ಟಿ ಒಮ್ಮೆ ದೀಪ ನೋಡಿದಳು, ಒಮ್ಮೆ ಅಣ್ಣನನ್ನು ನೋಡಿದಳು. ಆಮೇಲೆ ಬೀದಿಗೆಲ್ಲ ಕೇಳಿಸುವಂತೆ "ಹತ್ತಿತು! ದೊಡ್ಡಮ್ಮಾ, ಹತ್ತಿತು!" ಎಂದು ಕಿರುಚಿದಳು. ಖುಷಿ ತಡೆಯಲಾರದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಏನೋ, ಮೊಟ್ಟೆ ಇಟ್ವೇನೋ?" ಗೋಡೆಯಾಚೆಯಿಂದ ದೊಡ್ಡಮ್ಮನ ದನಿ ಕೇಳಿತು.

ಇದೇನೂ ತಿಳಿಯದ ಗುಜರಿಯವನು ಗೋಣಿಚೀಲ ಬಿಡಿಸುತ್ತಾ ಚಿಲಕದತ್ತ ಕೈ ಚಾಚಿದ. ಅಣ್ಣ ಅವನ ತೋಳು ಹಿಡಿದು ಹಿಂದಕ್ಕೆಳೆದ. ದೀಪದ ಕೆಂಪು ಅಣ್ಣನ ಮುಖದ ತುಂಬ ಇತ್ತು.

"ಮುಟ್ಟಬೇಡಪ್ಪಾ" ಅಂದ, ಅಪ್ಪನದೇ ದನಿಯಲ್ಲಿ. "ಒಳಗೆ ಕೆಲಸ ನಡೀತಿದೆ."