ಕಡಲ ಬಾವಿಯ ಏಣಿ

ಬೆಳಗಾಗುತ್ತಲೇ ಲುಪೆ ಬರುತ್ತಿದ್ದಳು. ಕೈಯಲ್ಲಿ ತೆಂಗಿನ ಸಿಪ್ಪೆ, ಸೊಂಟದ ಬಟ್ಟೆಯ ಗಂಟಿನಲ್ಲಿ ಒಂದಿಷ್ಟು ಮರಳು. ಒಂದು ಕೈಯಿಂದ ನನ್ನನ್ನು ಹಿಡಿದು, ಇನ್ನೊಂದು ಕೈಯಿಂದ ನನ್ನ ಮೆಟ್ಟಿಲುಗಳ ಮೇಲೆ ಕಟ್ಟಿದ ಪಾಚಿಯನ್ನು ಉಜ್ಜುತ್ತ ಕೆಳಗೆ ಇಳಿಯುತ್ತಿದ್ದಳು. ಇಪ್ಪತ್ತೆಂಟು ಮೆಟ್ಟಿಲು ಮುಗಿಯುವವರೆಗೆ ಒಂದು ಮಾತಿಲ್ಲ, ಒಂದು ಹಾಡಿಲ್ಲ. ಸಿಪ್ಪೆಯ ಸದ್ದು, ಕೆಳಗೆ ನೀರಿನ ಸದ್ದು, ಅಷ್ಟೇ. ಕೊನೆಯ ಮೆಟ್ಟಿಲು ಮುಗಿದ ಮೇಲೆ ನೀರಿನಲ್ಲಿ ಕಾಲಾಡಿಸಿ, ಮತ್ತೆ ಮೇಲೆ ಹತ್ತಿ ಹೋಗುತ್ತಿದ್ದಳು.

ನಾನು ಒಂದು ಏಣಿ. ಪೆಸಿಫಿಕ್ ಸಾಗರದ ನಡುವಿನ ಸಮೋವಾ ದೇಶದವನು. ಇಫಿಲೆಲೆ ಎಂಬ ಗಟ್ಟಿ ಮರ ನನ್ನ ತಾಯಿ. ಬಿರುಗಾಳಿಗೆ ಆಕೆ ಬಿದ್ದಾಗ ಲುಪೆಯ ಅಜ್ಜ ತವಿತಾ ಮೂರು ದಿನ ಸುತ್ತಲೂ ಓಡಾಡಿ ನೋಡಿದನಂತೆ. ನಾಲ್ಕನೆಯ ದಿನ ಕೊಡಲಿ ತಂದ. ಉಗುರಿನಷ್ಟೂ ಗಂಟಿಲ್ಲದ ಎರಡು ಉದ್ದನೆಯ ತೊಲೆ ತೆಗೆದು, ಮೆಟ್ಟಿಲು ಕೂರಿಸಿದ. ಮೊಳೆ ಹೊಡೆಯಲಿಲ್ಲ. ಉಪ್ಪು ನೀರು ಮೊಳೆಯನ್ನು ತಿನ್ನುತ್ತದೆ. ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆದು ಹೊಸೆದು ಹುರಿ ಮಾಡಿ, ಒಂದೊಂದು ಮೆಟ್ಟಿಲನ್ನೂ ಬಿಗಿದು ಕಟ್ಟಿದ. ಅವನ ತೊಡೆಯ ಬೆವರು ನನ್ನ ಕಟ್ಟುಗಳಲ್ಲಿ ಇಂದಿಗೂ ಇರಬೇಕು.

ನನ್ನ ಕೆಲಸ ಕಡಲ ಬಾವಿಯಲ್ಲಿ. ಅದು ಮನುಷ್ಯರು ತೋಡಿದ ಬಾವಿಯಲ್ಲ. ಯಾವ ಕಾಲದಲ್ಲೋ ಬೆಂಕಿ ಕಾರಿದ ಬೆಟ್ಟದ ಕಲ್ಲು ಹರಿದು ಬಂದು ಗಟ್ಟಿಯಾಗಿ, ನಡುವೆ ಕುಸಿದು ಆದ ದುಂಡನೆಯ ಹೊಂಡ. ಸುತ್ತಲೂ ಜರೀಗಿಡ, ಬಳ್ಳಿ. ಐದಾಳು ಕೆಳಗೆ ನೀರು. ಬಂಡೆಯ ಅಡಿಯಿಂದ ಕಡಲು ಕದ್ದು ಒಳಗೆ ಬಂದು, ಕದ್ದು ಹೊರಗೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲು ನೆಟ್ಟಗೆ ಬಿದ್ದಾಗ ಆ ನೀರು ಯಾವ ಬಣ್ಣ ಎಂದು ಹೇಳಲು ನನಗೆ ಬರುವುದಿಲ್ಲ. ನೋಡಿದವರೂ ಹೇಳಲಾರದೆ ಬಾಯಿ ತೆರೆದು ನಿಲ್ಲುತ್ತಿದ್ದರು. ಒಂದು ಮಗ್ಗುಲಲ್ಲಿ ಗುಹೆಯಿದೆ. ಅದರೊಳಗೆ ಕೂರಲು ಒಂದು ಕಲ್ಲಿನ ಜಗಲಿ. ನೀರು ಏರಿದರೆ ಜಗಲಿ ಮುಳುಗುತ್ತದೆ.

ಬಾವಿ ಇರುವ ಜಾಗ ತವಿತಾನ ಮನೆತನದ್ದು. ನೋಡಲು ದೇಶ ದೇಶಗಳಿಂದ ಜನ ಬರುತ್ತಿದ್ದರು. ನಾನು ಎಲ್ಲರನ್ನೂ ಕೆಳಗಿನಿಂದಲೇ ಕಂಡೆ. ಮೊದಲು ಹಿಮ್ಮಡಿ, ಆಮೇಲೆ ಮೀನಖಂಡ, ಕೊನೆಗೆ ಮುಖ. ನಾನು ಎಲ್ಲಿಗೂ ಹೋದವನಲ್ಲ. ಆದರೆ ನಾಡೆಲ್ಲ ಅಂಗಾಲುಗಳಲ್ಲಿ ನನ್ನ ಬಳಿಗೇ ಬಂತು. ಜಲಪಾತ ನೋಡಿ ಬಂದವರ ಕಾಲಲ್ಲಿ ಹಸಿರು ಪಾಚಿ. ಬೆಂಕಿಬೆಟ್ಟದ ಬಯಲಲ್ಲಿ ನಡೆದವರ ಕಾಲಲ್ಲಿ ಕರಿ ಪುಡಿ. ಹವಳದ ದಂಡೆಯಿಂದ ಬಂದವರು ಬಿಳಿ ಮರಳನ್ನು ನನ್ನ ಮೇಲೆ ಉದುರಿಸಿ ಇಳಿಯುತ್ತಿದ್ದರು. ಪಕ್ಕದ ದ್ವೀಪದಲ್ಲಿ ಬಂಡೆಯ ತೂತಿನಿಂದ ಕಡಲು ಮುಗಿಲೆತ್ತರ ಚಿಮ್ಮುತ್ತದಂತೆ. ಅಲ್ಲಿನ ಮುದುಕನೊಬ್ಬ ಅಲೆಯ ಹೊತ್ತು ನೋಡಿ ಆ ತೂತಿಗೆ ತೆಂಗಿನಕಾಯಿ ಎಸೆದರೆ, ಕಾಯಿ ಹಕ್ಕಿಯ ಹಾಗೆ ಮೇಲೆ ಹಾರುತ್ತದಂತೆ. ಇದನ್ನು ಹೇಳಿಕೊಂಡು ನಗುತ್ತ ಎಷ್ಟು ಜನ ನನ್ನನ್ನು ಇಳಿದರೋ! ಅವರ ನಗು ನನ್ನ ಮೈಯಲ್ಲಿ ನಡುಗುತ್ತಿತ್ತು. ಅದು ನನಗೆ ಹಿತವಾಗಿತ್ತು.

ಒಂದು ಕಟ್ಟಳೆಯಿತ್ತು. ಭಾನುವಾರ ದೇವರ ದಿನ. ಯಾರೂ ಬಾವಿಗೆ ಇಳಿಯಬಾರದು. ಅದಕ್ಕೆಂದು ಶನಿವಾರ ಸಂಜೆ ನಾಲ್ವರು ಹಗ್ಗ ಹಾಕಿ ನನ್ನನ್ನು ಮೇಲೆಳೆದು, ಮನೆಯ ಮುಂದಿನ ಹುಲ್ಲಿನ ಮೇಲೆ ಮಲಗಿಸುತ್ತಿದ್ದರು. ಮತ್ತೆ ಇಳಿಸುವುದು ಸೋಮವಾರ. ಎಳೆಯುವ ಮುಂಚೆ ನನ್ನ ತಲೆಯ ಬಳಿ ಚಪ್ಪಲಿ ಉಳಿದಿದೆಯೇ ಎಂದು ನೋಡುತ್ತಿದ್ದರು. ಇಳಿಯುವವರು ಅಲ್ಲೇ ಚಪ್ಪಲಿ ಬಿಡುವುದು ರೂಢಿ. ಚಪ್ಪಲಿ ಇಲ್ಲವೆಂದರೆ ಕೆಳಗೆ ಯಾರೂ ಇಲ್ಲ. ಹದಿನಾಲ್ಕು ವರ್ಷ ಈ ಲೆಕ್ಕ ತಪ್ಪಿರಲಿಲ್ಲ.

ಲುಪೆ ಆರನೇ ತರಗತಿಗೆ ಶಾಲೆ ಬಿಟ್ಟವಳು. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಅವಳ ಗಂಟಲು ಕಟ್ಟುತ್ತಿತ್ತಂತೆ. ಅವಳ ಚಿಕ್ಕಪ್ಪ ಫೆತು ಬಾಯಿಬಡುಕ. "ಇವಳ ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಯಾರೋ ಬಾವಿಗೆ ಎಸೆದಿದ್ದಾರೆ ಕಣ್ರೋ" ಎಂದು ಬಂದವರ ಮುಂದೆಲ್ಲ ನಗುತ್ತಿದ್ದ. ಅವಳು ತಲೆ ತಗ್ಗಿಸಿ ನನ್ನನ್ನು ಉಜ್ಜುತ್ತಿದ್ದಳು. ಆದರೆ ಅವಳ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನೀಲಾಂಬಿಕಾ ಟೀಚರ್ ಬಂದರು. ಗದಗಿನ ಕಡೆಯವರು, ಕೆಲಸದಿಂದ ನಿವೃತ್ತರಾದವರು. ರಾಜಧಾನಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿಯ ಮಗಳ ಮನೆಗೆ ಬಂದಿದ್ದರು. ಅವಳಿಗೆ ರಜೆ ಸಿಗಲಿಲ್ಲವೆಂದು ತಾವೊಬ್ಬರೇ ಬಣ್ಣದ ಮರದ ಬಸ್ಸು ಹತ್ತಿ ಬಂದಿದ್ದರು. ತವಿತಾ ಅವರನ್ನು ಮನೆಗೆ ಕರೆದು ಎಳನೀರು ಕೊಟ್ಟ. ಸಮೋವಾದ ಮನೆಗೆ ಗೋಡೆ ಇರುವುದಿಲ್ಲ. ಸುತ್ತ ಕಂಬ, ಮೇಲೆ ಸೂರು.

"ಯವ್ವಾ, ಗ್ವಾಡೀನ ಇಲ್ಲಲ್ಲ! ಗಂಡ ಹೆಂಡ್ತಿ ಜಗಳಾಡೂದು ಹೆಂಗ?" ಎಂದು ಟೀಚರ್ ತಮ್ಮ ಮಾತಿನಲ್ಲೇ ಹೇಳಿಕೊಂಡು ನಕ್ಕರು. ಮನೆಯ ಮೆಟ್ಟಿಲ ಬಳಿಯೇ ಚಪ್ಪಲಿ ಕಳಚಿ ಒಳಗೆ ಹೋದರು. ಮನೆಯವರ ಚಪ್ಪಲಿಗಳೂ ಅಲ್ಲೇ ಇದ್ದವು. ಎಳನೀರು ಕುಡಿದು, ಬರಿಗಾಲಲ್ಲೇ ಹುಲ್ಲು ದಾಟಿ ಬಾವಿಯ ಬಳಿಗೆ ಬಂದರು. ಅಲ್ಲಿ ಲುಪೆ ನಿಂತಿದ್ದಳು. ಇಬ್ಬರಿಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು.

"ನಿನ್ನ ಹೆಸರೇನು?" ಎಂದು ಕೇಳಿದರು. ಲುಪೆ ನೆಲ ನೋಡಿದಳು.

ಟೀಚರ್ ಬೇಸರಪಡಲಿಲ್ಲ. ಬಟ್ಟೆಯ ಚೀಲದಿಂದ ಶೇಂಗಾ ಉಂಡೆ ತೆಗೆದು ಅವಳ ಕೈಗಿಟ್ಟರು. "ತಿನ್ನವಾ. ಮಾತು ಆಮ್ಯಾಲ ಬರ್ತಾವು. ನನ್ನ ಸಾಲ್ಯಾಗ ಹಿಂದಿನ ಬೆಂಚಿನ್ಯಾಗ ನಿನ್ನಂಥಾವ್ರು ಭಾಳ ಮಂದಿ ಇದ್ರು" ಎಂದರು. ಕನ್ನಡದಲ್ಲೇ ಹೇಳಿದರು. ಲುಪೆಗೆ ಏನು ಅರ್ಥವಾಯಿತೋ, ಮೊದಲ ಸಲ ಹೊಸಬರ ಮುಖ ನೋಡಿ ನಕ್ಕಳು.

ಟೀಚರ್ ನನ್ನನ್ನು ಇಳಿದರು. ಬಿರುಕು ಬಿಟ್ಟ, ಗಟ್ಟಿ ಹಿಮ್ಮಡಿ. ಹೆದರಿಕೆಯೇ ಇಲ್ಲ. ಚಿಕ್ಕಂದಿನಲ್ಲಿ ಊರ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತವರಂತೆ. ಚೂಡಿದಾರದಲ್ಲೇ ನೀರಿಗಿಳಿದು, ಮಗುವಿನ ಹಾಗೆ ಕಾಲು ಬಡಿದು, ಗುಹೆಯ ಕಡೆಗೆ ಈಜಿ ಹೋದರು. ಅಲ್ಲಿ ಜಗಲಿಯ ಮೇಲೆ ಕೂತು ನೀಲಿ ಮೀನುಗಳನ್ನು ನೋಡುತ್ತ ಹೊತ್ತು ಮರೆತರು.

ಸಂಜೆಯಾಯಿತು. ಉಳಿದವರೆಲ್ಲ ಹತ್ತಿ ಹೋದರು. ಲುಪೆ ಅಡುಗೆಮನೆಯಲ್ಲಿದ್ದಳು. ಪ್ರಾರ್ಥನೆಯ ಹೊತ್ತಾಗಿತ್ತು. ಫೆತು ಅವಸರದಲ್ಲಿ ಬಂದು ಚಪ್ಪಲಿ ನೋಡಿದ. ಇರಲಿಲ್ಲ.

"ಆ ಇಂಡಿಯಾದ ಅಮ್ಮ?" ಎಂದು ಒಬ್ಬ ಕೇಳಿದ.

"ಕೊನೆಯ ಬಸ್ಸಿಗೆ ಹೋಗಿರ್ತಾರೆ. ಎಳೀರಿ, ಎಳೀರಿ!"

ನಾನು ಮೇಲೆ ಬಂದೆ. ಕೆಳಗೆ ಒಬ್ಬರಿದ್ದಾರೆಂದು ನನಗೆ ಗೊತ್ತಿತ್ತು. ಇಳಿದ ಹಿಮ್ಮಡಿಗಳ ಪೈಕಿ ಒಂದು ಜೋಡಿ ಮರಳಿ ಹತ್ತಿರಲಿಲ್ಲ. ಆದರೆ ಏಣಿಗೆ ಬಾಯಿಲ್ಲ. ನನ್ನನ್ನು ಹುಲ್ಲಿನ ಮೇಲೆ ಮಲಗಿಸಿದರು. ಶಂಖದ ದನಿ ಎದ್ದಿತು. ಶಂಖ ಊದಿದರೆ ಊರೇ ನಿಲ್ಲುತ್ತದೆ. ಯಾರೂ ನಡೆಯಬಾರದು, ಯಾರೂ ಮಾತಾಡಬಾರದು. ಮನೆಯವರೆಲ್ಲ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದರು. ಗುಹೆಯಿಂದ ಕೂಗಿದರೂ ಕಡಲ ಮೊರೆತದಲ್ಲಿ ಇಲ್ಲಿಗೆ ಕೇಳುವಂತಿರಲಿಲ್ಲ. ನೀರು ಏರುತ್ತಿತ್ತು. ನನ್ನನ್ನು ಮತ್ತೆ ಇಳಿಸುವುದು ಸೋಮವಾರ!

ಗೋಡೆಯಿಲ್ಲದ ಮನೆಯಾದ್ದರಿಂದ ನನಗೆ ಎಲ್ಲ ಕಾಣುತ್ತಿತ್ತು. ಲುಪೆಯೊಬ್ಬಳೇ ಕಣ್ಣು ತೆರೆದಿದ್ದಳು. ಅವಳ ನೋಟ ಮನೆಯ ಮೆಟ್ಟಿಲ ಬಳಿಯ ಚಪ್ಪಲಿಗಳ ಮೇಲಿತ್ತು. ಅದರಲ್ಲೊಂದು ಜೋಡಿ ಕಂದು ಬಣ್ಣದ್ದು, ಉಂಗುಟಕ್ಕೆ ಕಪ್ಪು ದಾರದ ಹೊಲಿಗೆ. ಅದು ಮನೆಯವರದ್ದಲ್ಲ. ಅವಳ ತುಟಿ ಅಲುಗಿತು. ನಿಂತಿತು. ಕೈ ಚಾಪೆಯ ಅಂಚನ್ನು ಹಿಂಡುತ್ತಿತ್ತು. ಮಾತಾಡು ಮಗಳೇ, ನನಗೆ ಬಾಯಿಲ್ಲ, ನಿನಗಿದೆ ಎಂದು ನಾನು ಬೇಡಿಕೊಂಡೆ.

ಅವಳು ಎದ್ದು ನಿಂತಳು.

"ಅಜ್ಜ! ಅವರು ಕೆಳಗಿದ್ದಾರೆ!"

"ಶ್!" ಎಂದ ಫೆತು.

"ಚಪ್ಪಲಿ ಇಲ್ಲಿದೆ. ಅವರು ಹತ್ತಿ ಬಂದಿಲ್ಲ. ಕೆಳಗಿದ್ದಾರೆ!" ಆ ದನಿ ಎಷ್ಟು ದೊಡ್ಡದಿತ್ತೆಂದರೆ ಪಕ್ಕದ ಮನೆಯ ಪ್ರಾರ್ಥನೆಯ ಹಾಡು ನಿಂತಿತು.

ತವಿತಾ ಕಣ್ಣು ತೆರೆದು ಚಪ್ಪಲಿ ನೋಡಿದ. "ದೇವರಿಗೆ ಅವಸರ ಇಲ್ಲ. ನೀರಿಗಿದೆ. ಏಳ್ರೋ!"

ನನ್ನನ್ನು ಎತ್ತಿಕೊಂಡು ಓಡಿದರು. ಇಳಿಸುವ ಗಡಿಬಿಡಿಯಲ್ಲಿ ಹಗ್ಗ ಜಾರಿ, ಬಂಡೆಗೆ ಬಡಿದು ನನ್ನ ಬಲದ ತೊಲೆ ಸೀಳಿತು. ಫೆತು ಇಳಿದು ಈಜಿ ಹೋದಾಗ ಟೀಚರ್ ಎದೆಮಟ್ಟದ ನೀರಿನಲ್ಲಿ ಬಂಡೆಯನ್ನು ತಬ್ಬಿ ನಿಂತಿದ್ದರಂತೆ. ಅವನು ಅವರನ್ನು ನನ್ನ ಬಳಿಗೆ ತಂದ. ಅವರು ನನ್ನನ್ನು ಹತ್ತಿದರು. ಸೀಳು ಒಂದೊಂದು ಹೆಜ್ಜೆಗೂ ಬಾಯಿ ತೆರೆಯುತ್ತಿತ್ತು. ತವಿತಾ ಹೊಸೆದ ಹುರಿಗಳು ಅದನ್ನು ಬಿಗಿದು ಹಿಡಿದವು. ಆ ಮುದುಕನ ಕೈಗೆ ನಾನು ಅಂದು ಶರಣೆಂದೆ.

ಮೇಲೆ ಬಂದ ಟೀಚರ್ ಹುಲ್ಲಿನ ಮೇಲೆ ಕೂತು ಉಸಿರು ಬಿಟ್ಟರು. "ಕೂಗಿ ಕೂಗಿ ಗಂಟ್ಲ ಹರೀತವಾ. ಯಾರಿಗೂ ಕೇಳ್ಸಲೇ ಇಲ್ಲ" ಎಂದರು. ಆಮೇಲೆ ಲುಪೆಯ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಏಳುವಾಗ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನನಗೆ ಯಾರೂ ಹಾಗೆ ಮಾಡಿರಲಿಲ್ಲ.

ಆ ರಾತ್ರಿ ಟೀಚರ್ ಅಲ್ಲೇ ಉಳಿದರು. ಮರುದಿನ ಬೆಳಿಗ್ಗೆ ತವಿತಾ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದು, ಟೀಚರ್ ಮುಂದೆ ನೆಲದ ಮೇಲೆ ಕೂತ. ಅದು ಆ ನಾಡಿನಲ್ಲಿ ತಪ್ಪೊಪ್ಪಿಕೊಳ್ಳುವ ರೀತಿ. ಟೀಚರ್ ಓಡಿ ಬಂದು ಚಾಪೆ ತೆಗೆದರು. "ಏಳ್ರಿ ಅಣ್ಣಾರ! ಚಪ್ಪಲಿ ಕಂಡಲ್ಲಿ ಬಿಟ್ಟಾಕಿ ನಾನು!" ಎಂದರು. ಅಂದು ಬಿಸಿ ಕಲ್ಲಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಎಲ್ಲರೂ ಒಟ್ಟಿಗೆ ತಿಂದರು. "ನಿನ್ನ ಹೆಸರೇನು?" ಎಂದು ಟೀಚರ್ ಮತ್ತೆ ಕೇಳಿದರು. "ಲುಪೆ" ಎಂದಳು. ಫೆತು ನಗಲಿಲ್ಲ.

ನನ್ನ ಜಾಗಕ್ಕೆ ಹೊಸ ಏಣಿ ಬಂತು. ನನ್ನನ್ನು ಸೀಳಿನ ಬಳಿ ಕತ್ತರಿಸಿದರು. ಕೆಳಗಿನ ಭಾಗದ ಮೇಲೆ ಈಗ ಕೋಳಿಗಳು ಕೂರುತ್ತವೆ. ಮೇಲಿನ ಒಂಬತ್ತು ಮೆಟ್ಟಿಲು ಲುಪೆಯ ಪಾಲಿಗೆ ಬಂದಿವೆ. ಹಲಸಿನಂಥ ದಿವಿಹಲಸನ್ನು ಕೀಳಲು ಹತ್ತುತ್ತಾಳೆ. ಉಳಿದ ಹೊತ್ತು ಅಡುಗೆಮನೆಯ ಹಿಂದೆ ಒರಗಿರುತ್ತೇನೆ. ಉಪ್ಪು ನೀರಿಲ್ಲ, ಪಾಚಿಯಿಲ್ಲ. ನನ್ನನ್ನು ತುಳಿದ ಕಾಲುಗಳನ್ನೆಲ್ಲ ನೆನೆಯುತ್ತೇನೆ. ಎಲ್ಲರೂ ಇಳಿದರು, ಎಲ್ಲರೂ ಮೇಲೆ ಬಂದರು. ಒಂದು ಏಣಿಗೆ ಇದಕ್ಕಿಂತ ಇನ್ನೇನು ಬೇಕು?

ಈಗ ಶನಿವಾರ ಚಪ್ಪಲಿ ನೋಡಿದರೆ ಸಾಲದು. ಅಂಚಿಗೆ ಬಗ್ಗಿ ಕೂಗಿ, ಮರುದನಿಗೆ ಕಿವಿಗೊಡಬೇಕು. ಆ ಕೆಲಸವನ್ನು ತವಿತಾ ಲುಪೆಗೇ ವಹಿಸಿದ. ಇಂದೂ ಶನಿವಾರ. ನಾಲ್ವರು ಹಗ್ಗ ಹಿಡಿದು ಕಾದಿದ್ದಾರೆ. ಲುಪೆ ಬಾವಿಯ ಅಂಚಿಗೆ ಹೋಗಿ, ಬಗ್ಗಿ, ಕಡಲಿಗಿಂತ ಮೇಲಿನ ದನಿಯಲ್ಲಿ ಕೂಗುತ್ತಾಳೆ:

"ಕೆಳಗೆ ಯಾರಾದರೂ ಇದ್ದರೆ, ದಯವಿಟ್ಟು ಒಂದು ಮಾತು ಹೇಳಿ!"

ಕೆಳಗಿನಿಂದ ಯಾವ ದನಿಯೂ ಬರುವುದಿಲ್ಲ. ಎಲ್ಲರೂ ಮೇಲೆ ಬಂದಿದ್ದಾರೆ; ನಾಲ್ವರು ಹಗ್ಗ ಎಳೆಯುತ್ತಾರೆ.